‘ಟಿ’ ನುಂಗಿದ ಕ್ರಿಸ್‌ಮಸ್

‘ಅಪ್ಪಾ, ಒಂದ್ ರಿಕ್ವೆಸ್ಟ್. ಸ್ಕೂಲಲ್ಲಿ ನೀನು ಮಾತಾಡ್ಬೇಡ. ಅಮ್ಮ ಮಾತಾಡ್ಲಿ.’

ನಾಲ್ಕನೇ ಕ್ಲಾಸಿನ ಮಗಳು ಇಷ್ಟು ಹೇಳಿ, ತಟ್ಟೆಯಲ್ಲಿದ್ದ ಚಪಾತಿಯನ್ನೇ ನೋಡುತ್ತ ಕೂತಳು. ಸಿಟ್ಟಿನಿಂದ ಹೇಳಿದ್ದಲ್ಲ. ತುಂಬ ಯೋಚಿಸಿ, ಅಪ್ಪನಿಗೆ ಬೇಜಾರಾಗದ ಹಾಗೆ ಹೇಗೆ ಹೇಳುವುದು ಎಂದು ತೂಗಿ ನೋಡಿ ಹೇಳಿದ್ದು. ಅದಕ್ಕೇ ಹೆಚ್ಚು ನಾಟಿತು.

ಆಗಿದ್ದಿಷ್ಟೆ. ಕಳೆದ ಡಿಸೆಂಬರಿನ ಮೊದಲ ವಾರ ಶಾಲೆಯಿಂದ ಒಂದು ಚೀಟಿ ಬಂದಿತ್ತು. ಕ್ರಿಸ್‌ಮಸ್ ರಜೆಗೆ ಮುಂಚೆ ಪ್ರತಿ ಮಗುವೂ ಮನೆಯಲ್ಲೇ ಕೈಯಿಂದ ಮಾಡಿದ ಒಂದು ಅಲಂಕಾರದ ವಸ್ತು ತರಬೇಕು. ಅಂಗಡಿಯದ್ದು ನಡೆಯುವುದಿಲ್ಲ. ಅಪ್ಪನೋ ಅಮ್ಮನೋ ಮಗುವಿನ ಜೊತೆ ನಿಂತು, ಅದನ್ನು ಹೇಗೆ ಮಾಡಿದೆವು ಎಂದು ಎರಡು ನಿಮಿಷ ವಿವರಿಸಬೇಕು. ಮುಂಬೈಯ ಶಾಲೆ, ಯಾವ ಭಾಷೆಯಲ್ಲಿ ಎಂದು ಚೀಟಿಯಲ್ಲಿ ಬರೆದಿರಲಿಲ್ಲ, ಬರೆಯುವ ಅಗತ್ಯವೂ ಇರಲಿಲ್ಲ.

‘ಯಾಕಮ್ಮಾ, ನಾನು ಮಾತಾಡಿದ್ರೆ ಏನಾಗುತ್ತೆ?’

‘ನೀನು ಕ್ರಿಸ್ಟ್‌ಮಸ್ ಅಂತೀಯ. ಟಿ ಹೇಳಬಾರದು. ಎಲ್ರೂ ನಗ್ತಾರೆ.’

ನಾನು ಹಾವೇರಿ ಜಿಲ್ಲೆಯ ಒಂದು ಹಳ್ಳಿಯವನು. ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮ, ಆಮೇಲೆ ಧಾರವಾಡದಲ್ಲಿ ಬಿ.ಕಾಂ. ಮುಂಬೈಗೆ ಬಂದು ಹತ್ತೊಂಬತ್ತು ವರ್ಷವಾಯಿತು. ಲೆಕ್ಕಪತ್ರ ನೋಡುವ ಕೆಲಸ. ಬಂದ ಮೊದಲ ತಿಂಗಳಲ್ಲೇ ಒಂದು ಮೀಟಿಂಗಿನಲ್ಲಿ, ಸಾಲಕ್ಕೆ ಇಂಗ್ಲಿಷಿನಲ್ಲಿರುವ ಪದವನ್ನು ಬರೆದಂತೆಯೇ ‘ಡೆಬ್ಟ್’ ಎಂದು ಓದಿದ್ದೆ. ಎದುರಿಗಿದ್ದವರು ಒಂದು ಕ್ಷಣ ಸುಮ್ಮನಿದ್ದು ಆಮೇಲೆ ನಕ್ಕರು. ಕೆಟ್ಟ ಮನಸ್ಸಿನಿಂದಲ್ಲ ಬಿಡಿ. ಆದರೆ ಮುಂದಿನ ಕೆಲವು ತಿಂಗಳು ಚಹಾ ಕುಡಿಯುವ ಜಾಗದಲ್ಲಿ ನನ್ನ ಹೆಸರು ‘ಡೆಬ್ಟ್’ ಎಂದೇ ಆಗಿತ್ತು.

ಅಂದಿನಿಂದ ಒಂದು ಉಪಾಯ ಕಲಿತೆ. ಉಚ್ಚಾರದ ಬಗ್ಗೆ ಅನುಮಾನ ಇರುವ ಪದದ ಹತ್ತಿರವೇ ಹೋಗುವುದಿಲ್ಲ. ‘ಡೆಟ್’ ಬದಲು ‘ಲೋನ್’. ‘ರಿಸೀಟ್’ನಲ್ಲಿ ‘ಪಿ’ ಹೇಳಬೇಕೋ ಬೇಡವೋ ಎಂಬ ಗೊಂದಲವೇ ಬೇಡ, ‘ಬಿಲ್’ ಎಂದರಾಯಿತು. ಕನ್ನಡ ಮಾಧ್ಯಮದಲ್ಲಿ ಓದಿ ಹೊರನಾಡಿಗೆ ಬಂದವರಲ್ಲಿ ಅನೇಕರಿಗೆ ಈ ಉಪಾಯ ಗೊತ್ತಿರುತ್ತದೆ. ಬಾಯಿಗೆ ಬಂದ ಪದವನ್ನು ನುಂಗಿ, ಅದರ ಬದಲಿಗೆ ಸಲೀಸಾದ ಇನ್ನೊಂದನ್ನು ಹುಡುಕುವ ಆ ಅರ್ಧ ಸೆಕೆಂಡು. ಹತ್ತೊಂಬತ್ತು ವರ್ಷ ಹಾಗೇ ನಡೆಯಿತು. ಮನೆಯಲ್ಲಿ ಮಾತ್ರ ಎಚ್ಚರ ಇರಲಿಲ್ಲ. ಮಗಳು ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

‘ಆಯ್ತು, ಅಮ್ಮನೇ ಮಾತಾಡ್ಲಿ’ ಎಂದೆ. ಮಾತಾಡುವುದೇನೋ ಅಮ್ಮ, ಆದರೆ ಮಾಡುವುದು ಏನನ್ನು?

ಉತ್ತರ ಸಿಕ್ಕಿದ್ದು ಕೆಳಗಿನ ಮಹಡಿಯಲ್ಲಿ. ಬೋರಿವಲಿಯ ನಮ್ಮ ಕಟ್ಟಡದಲ್ಲಿ ಮಂಗಳೂರು ಕಡೆಯ ಕ್ಯಾಥೊಲಿಕ್ ಆಂಟಿಯೊಬ್ಬರಿದ್ದಾರೆ. ಮದುವೆಯಾಗಿ ಮುಂಬೈಗೆ ಬಂದು ಐವತ್ತು ವರ್ಷವಾದರೂ ನಮ್ಮ ಜೊತೆ ಮಾತು ಕನ್ನಡದಲ್ಲೇ. ಪ್ರತಿ ಡಿಸೆಂಬರಿನಲ್ಲಿ ಅವರ ಬಾಲ್ಕನಿಯಲ್ಲಿ ಬಿದಿರು ಕಡ್ಡಿ, ಬಣ್ಣದ ಕಾಗದದ ಒಂದು ನಕ್ಷತ್ರ ತೂಗುತ್ತದೆ. ಸುತ್ತಲಿನ ಮನೆಗಳಲ್ಲೆಲ್ಲ ಮಿಣುಮಿಣುಕುವ ಪ್ಲಾಸ್ಟಿಕ್ ನಕ್ಷತ್ರ ಬಂದು ಎಷ್ಟೋ ವರ್ಷವಾಯಿತು; ಅವರದು ಮಾತ್ರ ಕೈಯದ್ದೇ. ಆದರೆ ಕಳೆದ ವರ್ಷ ಬಾಲ್ಕನಿ ಖಾಲಿ ಇತ್ತು.

‘ಈ ಬೆರಳು ನೋಡಿ ಮಾರಾಯ್ರೆ, ಗಂಟು ಹಾಕ್ಲಿಕ್ಕೆ ಆಗುದಿಲ್ಲ. ದಾರವೇ ಹಿಡಿಯುದಿಲ್ಲ’ ಎಂದು ಸಂಧಿವಾತದಿಂದ ಬಾತ ಬೆರಳುಗಳನ್ನು ತೋರಿಸಿದರು. ಆಮೇಲೆ ಮಂಚದ ಕೆಳಗಿನಿಂದ ಹಳೆಯ ನಕ್ಷತ್ರದ ಚೌಕಟ್ಟು ಎಳೆದು ತಂದರು. ಕಾಗದ ಹರಿದುಹೋಗಿತ್ತು, ಎರಡು ಕಡ್ಡಿ ಮುರಿದಿದ್ದವು.

ಅದನ್ನು ಕೈಗೆ ತೆಗೆದುಕೊಂಡವನಿಗೆ ನಗು ಬಂತು. ಇದು ನನಗೆ ಗೊತ್ತಿದ್ದ ವಿದ್ಯೆ! ನಮ್ಮೂರಲ್ಲಿ ದೀಪಾವಳಿಗೆ ಅಪ್ಪ ಆಕಾಶಬುಟ್ಟಿ ಕಟ್ಟುತ್ತಿದ್ದರು. ಅದೇ ಬಿದಿರು, ಅದೇ ಗಾಳಿಪಟದ ಕಾಗದ, ಅದೇ ಮೈದಾ ಹಿಟ್ಟಿನ ಅಂಟು. ಮಂಗಳೂರಿನಲ್ಲಿ ಅದು ಗೂಡುದೀಪ, ಇಲ್ಲಿ ಮುಂಬೈಯಲ್ಲಿ ಕಂದೀಲು. ಮಾಹಿಮ್‌ನಲ್ಲಿ ಕಂದೀಲಿನ ಹೆಸರಿನದೇ ಒಂದು ಗಲ್ಲಿ ಇದೆ. ಒಂದೂವರೆ ತಿಂಗಳ ಅಂತರದಲ್ಲಿ ಅದೇ ವಿದ್ಯೆ ಬೇರೆ ಹಬ್ಬದ ಮನೆಗೆ ಹೋಗುತ್ತದೆ, ಆಕಾರ ಬದಲಿಸಿಕೊಂಡು.

ಅಂದು ಸಂಜೆಯೇ ಊರಿಗೆ ವಿಡಿಯೊ ಕಾಲ್ ಮಾಡಿದೆ. ಅಪ್ಪನಿಗೆ ಎಪ್ಪತ್ತೆಂಟು. ಫೋನನ್ನು ಹಣೆಗೆ ಹತ್ತಿರ ಹಿಡಿದುಕೊಂಡು ಕೇಳಿಸಿಕೊಂಡರು.

‘ಕಡ್ಡಿ ಒಂದ್ ತಾಸು ನೀರಾಗ ನೆನಸು ತಮ್ಮಾ, ಅಂದ್ರ ಮಣಿತಾವು. ಗೆಣ್ಣ ಬಂದಲ್ಲಿ ಚಾಕು ತಡಿತೈತಿ, ಅವಸರ ಮಾಡಬ್ಯಾಡ. ಮತ್ತ ಗಂಟ... ಗಂಟ ಕಾಣಬಾರದು, ಆದ್ರ ಬಿಚ್ಚಲೂಬಾರದು.’

ನಕ್ಷತ್ರದ ಲೆಕ್ಕ ಸರಳ. ಎರಡು ಅಡಿಯ ಹತ್ತು ಕಡ್ಡಿ, ಸುಮಾರು ಐದು ಇಂಚಿನ ಐದು ತುಂಡು. ಮೊದಲು ಐದೈದು ಕಡ್ಡಿಯಿಂದ ಎರಡು ಚಪ್ಪಟೆ ನಕ್ಷತ್ರ ಕಟ್ಟಬೇಕು. ಒಂದು ಕಡ್ಡಿ ಇನ್ನೊಂದರ ಮೇಲೆ, ಮತ್ತೊಂದರ ಕೆಳಗೆ ಹಾಯುವಂತೆ ಹೆಣೆದು ತುದಿಗಳನ್ನು ಕಟ್ಟುವುದು. ಪ್ರತಿ ಕಡ್ಡಿಯ ಎರಡೂ ತುದಿಯಿಂದ ಒಂಬತ್ತು ಇಂಚಿಗಿಂತ ತುಸು ಮುಂದೆ ಪೆನ್ಸಿಲಿನಿಂದ ಗುರುತು ಮಾಡಿಕೊಂಡರೆ, ಕಡ್ಡಿಗಳು ಒಂದನ್ನೊಂದು ದಾಟುವ ಜಾಗ ಅದೇ. ಆಮೇಲೆ ಎರಡು ನಕ್ಷತ್ರಗಳನ್ನು ಒಂದರ ಮೇಲೊಂದು ಇಟ್ಟು ಐದೂ ಮೂಲೆ ಸೇರಿಸಿ ಕಟ್ಟಬೇಕು. ಕೊನೆಗೆ ಒಳಗಿನ ಐದು ಸಂದಿಗಳಲ್ಲಿ ಆ ಚಿಕ್ಕ ತುಂಡುಗಳನ್ನು ನಿಲ್ಲಿಸಿದರೆ, ಕಡ್ಡಿಗಳು ಬಾಗಿ ಹೊಟ್ಟೆ ಉಬ್ಬುತ್ತದೆ. ಚಪ್ಪಟೆಯಾಗಿದ್ದದ್ದು ಒಮ್ಮೆಗೇ ಉಸಿರು ತುಂಬಿಕೊಂಡ ಹಾಗೆ. ಆ ಕ್ಷಣ ಮಗಳು ‘ಹೋ!’ ಎಂದು ಕೂಗಿದಳು. ನಾನೂ ಚಿಕ್ಕವನಿದ್ದಾಗ ಹಾಗೇ ಕೂಗುತ್ತಿದ್ದೆ.

ಒಂದು ನಮ್ಮದು, ಒಂದು ಆಂಟಿಯದು. ಎರಡು ಭಾನುವಾರ ಹಿಡಿಯಿತು.

ಎರಡನೇ ಭಾನುವಾರ ಮಗಳು ತನ್ನ ಅಮ್ಮನಿಗಾಗಿ ಒಂದು ಚಾರ್ಟ್ ತಯಾರಿಸಿದಳು, ನಕ್ಷತ್ರ ಮಾಡುವ ವಿಧಾನ ಇಂಗ್ಲಿಷಿನಲ್ಲಿ. ನನಗೆ ಓದಲು ಕೊಟ್ಟಳು. ಓದಿದೆ. ಕೆಂಪು ಪೆನ್ನು ಕೇಳಿದೆ.

ಮೊದಲ ಸಾಲಿನ ‘ಕ್ರಿಸ್‌ಮಸ್’ನಲ್ಲಿ ‘ಟಿ’ ಇರಲಿಲ್ಲ. ಗಂಟು ಹಾಕುವ ‘ನಾಟ್’ಗೆ ‘ಕೆ’ ಇರಲಿಲ್ಲ. ‘ಇಲ್ಲ’ ಎಂಬರ್ಥದ ‘ನಾಟ್’ ಆಗಿ ಕೂತಿತ್ತು. ಕಾಗದ ಸುತ್ತುವ ‘ರ್‍ಯಾಪ್’ ‘ಆರ್’ನಿಂದ ಶುರುವಾಗಿತ್ತು, ಮುಂದಿನ ‘ಡಬ್ಲ್ಯು’ ನಾಪತ್ತೆ. ಕತ್ತರಿಯ ‘ಸಿಸರ್ಸ್’ನಲ್ಲಿ ಎರಡು ‘ಝಡ್’. ಹೆಬ್ಬೆರಳಿನ ‘ಥಂಬ್’ನಲ್ಲಿ ‘ಬಿ’ ಇಲ್ಲ. ಬಿಗಿಯುವ ‘ಫಾಸನ್’ನಲ್ಲಿ ‘ಟಿ’ ಇಲ್ಲ. ಬಾಗಿಲಿಗೆ ಕಟ್ಟುವ ಹಸಿರು ಬಳೆ ‘ರೀತ್’ನಲ್ಲಿ ಮತ್ತೆ ‘ಡಬ್ಲ್ಯು’ ಇಲ್ಲ.

ಒಂದೊಂದನ್ನೇ ತಿದ್ದಿದೆ. ಡಿಕ್ಷನರಿ ನೋಡಲಿಲ್ಲ. ಮಗಳು ಅನುಮಾನದಿಂದ ಅಮ್ಮನ ಫೋನಿನಲ್ಲಿ ಪರೀಕ್ಷಿಸಿದಳು. ಎಲ್ಲ ಸರಿ ಇತ್ತು.

‘ನಿನಗೆ ಹೇಗೆ ಗೊತ್ತು?’

ಆ ಪ್ರಶ್ನೆಯಲ್ಲಿದ್ದ ಅಚ್ಚರಿ ನನ್ನನ್ನು ಸ್ವಲ್ಪ ನೋಯಿಸಿತು, ಸ್ವಲ್ಪ ಹಿಗ್ಗಿಸಿತು. ‘ನಾನು ತಪ್ಪಾಗಿ ಓದ್ತೀನಲ್ಲ, ಅದಕ್ಕೇ’ ಎಂದೆ.

ತಮಾಷೆಗೆ ಹೇಳಿದ ಮಾತಲ್ಲ ಅದು. ಕನ್ನಡದಲ್ಲಿ ಓದಲು ಕಲಿತವನಿಗೆ ಪ್ರತಿ ಅಕ್ಷರವೂ ಒಂದು ದನಿ. ಬರೆದದ್ದನ್ನು ಬಿಡದೆ ಓದಬೇಕು, ಓದಿದ್ದನ್ನು ಬಿಡದೆ ಬರೆಯಬೇಕು. ಹಾಗಾಗಿ ನಮ್ಮ ಇಂಗ್ಲಿಷ್ ಮೇಷ್ಟ್ರು ಸ್ಪೆಲ್ಲಿಂಗ್ ನೆನಪಿಡಲು ಹೇಳಿಕೊಟ್ಟದ್ದೇ ಹಾಗೆ. ಮನಸ್ಸಿನೊಳಗೆ ‘ಕ್ನಾಟ್’ ಎನ್ನು, ‘ಕ್ರಿಸ್ಟ್‌ಮಸ್’ ಎನ್ನು, ‘ಲಿಸ್ಟೆನ್’ ಎನ್ನು. ಮಗಳು ಕಿವಿಯಿಂದ ಕಲಿತವಳು, ನಾನು ಕಣ್ಣಿನಿಂದ ಕಲಿತವನು. ಅವಳ ಬಾಯಿ ಸರಿ, ನನ್ನ ಕೈ ಸರಿ.

‘ಆದ್ರೆ ಹೇಳದೇ ಇರೋ ಅಕ್ಷರ ಯಾಕೆ ಬರೀಬೇಕು? ವೇಸ್ಟ್ ಅಲ್ವಾ?’

ಒಳ್ಳೆಯ ಪ್ರಶ್ನೆ. ಈ ಬಗ್ಗೆ ನಾನು ಎಂದೋ ಓದಿಕೊಂಡಿದ್ದೆ. ‘ಡೆಬ್ಟ್’ ಎಂದು ನಗೆಪಾಟಲಾದವನಿಗೆ ಆ ‘ಬಿ’ ಅಲ್ಲಿ ಯಾಕಿದೆ ಎಂಬ ಹಟ ಇರುವುದಿಲ್ಲವೇ?

‘ನಾಟ್’ನ ‘ಕೆ’ ಸುಮ್ಮನೆ ಬಂದದ್ದಲ್ಲ. ಒಂದು ಕಾಲಕ್ಕೆ ಇಂಗ್ಲಿಷರೂ ‘ಕ್ನ’ ಎಂದೇ ಉಚ್ಚರಿಸುತ್ತಿದ್ದರು. ಹೆಣೆಯುವ ‘ನಿಟ್’ ಕೂಡ ಗಂಟಿನ ‘ನಾಟ್’ಗೆ ನೆಂಟ, ಅದರಲ್ಲೂ ‘ಕ್’ ಕೇಳಿಸುತ್ತಿತ್ತು. ಜರ್ಮನರು ಗಂಟಿಗೆ ಇಂದಿಗೂ ‘ಕ್ನೋಟನ್’ ಎನ್ನುತ್ತಾರೆ. ಇಂಗ್ಲಿಷರ ನಾಲಿಗೆಯಿಂದ ಆ ‘ಕ್’ ಜಾರಿದ್ದು ಹದಿನೇಳನೇ ಶತಮಾನದ ಹೊತ್ತಿಗೆ. ಅಷ್ಟರಲ್ಲಿ ಅಚ್ಚಿನ ಮೊಳೆಗಳು ಬಂದಾಗಿತ್ತು. ವಿಲಿಯಂ ಕ್ಯಾಕ್ಸ್‌ಟನ್ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಮುದ್ರಣ ಶುರು ಮಾಡಿದ್ದು 1476ರಲ್ಲಿ. ಮುದ್ರಣ ಬಂದ ಮೇಲೆ ಬರಹ ನಿಧಾನವಾಗಿ ಗಟ್ಟಿಯಾಯಿತು, ನಾಲಿಗೆ ಮಾತ್ರ ತನ್ನ ಪಾಡಿಗೆ ಬದಲಾಗುತ್ತ ಹೋಯಿತು.

‘ರೀತ್’ನ ‘ಡಬ್ಲ್ಯು’ ಇನ್ನೂ ಸೊಗಸು. ‘ಡಬ್ಲ್ಯು, ಆರ್’ ಜೋಡಿಯಿಂದ ಶುರುವಾಗುವ ಇಂಗ್ಲಿಷ್ ಪದಗಳನ್ನು ಸಾಲಾಗಿ ಬರೆದು ನೋಡಿ. ಬಟ್ಟೆ ಹಿಂಡುವ ‘ರಿಂಗ್’, ತಿರುಗುವ ಮಣಿಕಟ್ಟು ‘ರಿಸ್ಟ್’, ಸ್ಕ್ರೂ ತಿರುಗಿಸುವ ‘ರೆಂಚ್’, ಸುಕ್ಕಿನ ‘ರಿಂಕಲ್’, ಬಳ್ಳಿ ತಿರುಚಿ ಮಾಡುವ ‘ರೀತ್’. ಅನೇಕ ಪದಗಳಲ್ಲಿ ತಿರುಚುವ ಅರ್ಥವೇ ಇದೆ. ಹಿಂದೆ ಆ ‘ಡಬ್ಲ್ಯು’ಗಾಗಿ ತುಟಿಯನ್ನೂ ದುಂಡಗೆ ಮಾಡಿ ಹೇಳುತ್ತಿದ್ದರು.

‘ಕ್ರಿಸ್‌ಮಸ್’ ಅಂತೂ ಎರಡು ಪದಗಳ ಜೋಡಿ: ‘ಕ್ರೈಸ್ಟ್’ ಮತ್ತು ಪ್ರಾರ್ಥನಾವಿಧಿಯ ‘ಮಾಸ್’. ಎರಡನ್ನೂ ಸೇರಿಸಿ ಬೇಗ ಬೇಗ ಹೇಳಿದಾಗ ನಡುವಿನ ‘ಟಿ’ ಸಿಕ್ಕಿಹಾಕಿಕೊಂಡು ಸದ್ದಡಗಿತು. ‘ಕಾಸಲ್’, ‘ಲಿಸನ್’, ‘ವಿಸಲ್’ಗಳಲ್ಲೂ ಅದೇ ಕತೆ.

‘ಹಾಗಾದ್ರೆ ಎಕ್ಸ್‌ಮಸ್ ಅಂತ ಯಾಕೆ ಬರೀತಾರೆ? ಏಸುವಿನ ಹೆಸರು ಕಟ್ ಮಾಡಿದ್ರಾ?’

ಅಲ್ಲ. ಅದು ಇಂಗ್ಲಿಷಿನ ‘ಎಕ್ಸ್’ ಅಲ್ಲವೇ ಅಲ್ಲ, ಗ್ರೀಕರ ‘ಖೀ’ ಎಂಬ ಅಕ್ಷರ. ಗ್ರೀಕ್ ಭಾಷೆಯಲ್ಲಿ ಕ್ರಿಸ್ತನ ಹೆಸರು ಶುರುವಾಗುವುದೇ ಅದರಿಂದ. ಹೆಸರನ್ನು ಅಳಿಸಿದ್ದಲ್ಲ, ಮೊದಲಕ್ಷರವನ್ನು ಉಳಿಸಿಕೊಂಡದ್ದು.

ಆದರೆ ಎಲ್ಲ ಮೂಕ ಅಕ್ಷರಗಳೂ ಹಳೆಯ ಉಚ್ಚಾರದ ಗುರುತಲ್ಲ. ಕೆಲವನ್ನು ಪಂಡಿತರು ತಂದು ತುರುಕಿದರು. ಹೆಬ್ಬೆರಳಿನ ಹಳೆಯ ಇಂಗ್ಲಿಷ್ ಪದದಲ್ಲಿ ‘ಬಿ’ ಇರಲೇ ಇಲ್ಲ, ಅದು ಆಮೇಲೆ ಸೇರಿದ್ದು. ಕತ್ತರಿಯ ‘ಸಿಸರ್ಸ್’ ಫ್ರೆಂಚಿನಿಂದ ಬಂದಾಗ ಅದರ ಮೊದಲಿಗೆ ‘ಎಸ್, ಸಿ’ ಜೋಡಿ ಇರಲಿಲ್ಲ. ಲ್ಯಾಟಿನ್ನಿನ ಇನ್ನೊಂದು ಪದದ ನೆನಪಲ್ಲಿ ಹಾಗೆ ಬರೆಯತೊಡಗಿದರು. ನನ್ನ ‘ಡೆಟ್’ ಕೂಡ ಫ್ರೆಂಚಿನಿಂದ ‘ಬಿ’ ಇಲ್ಲದೆಯೇ ಬಂದಿತ್ತು. ಲ್ಯಾಟಿನ್ ಮೂಲದಲ್ಲಿ ‘ಬಿ’ ಇದೆ ಎಂದು ತೋರಿಸಲು ವಿದ್ವಾಂಸರು ಅದನ್ನು ಸೇರಿಸಿದರು. ಷೇಕ್ಸ್‌ಪಿಯರನ ‘ಲವ್ಸ್ ಲೇಬರ್ಸ್ ಲಾಸ್ಟ್’ ನಾಟಕದಲ್ಲಿ ಒಬ್ಬ ಮೇಷ್ಟ್ರಿದ್ದಾನೆ. ಈ ಪದದ ‘ಬಿ’ಯನ್ನು ಜನ ಉಚ್ಚರಿಸುವುದೇ ಇಲ್ಲವಲ್ಲ ಎಂದು ಅವನ ಗೋಳು. ಅದನ್ನು ತಿಳಿದ ದಿನ ನನಗೆ ಆದ ಸಮಾಧಾನ ಅಷ್ಟಿಷ್ಟಲ್ಲ. ಚಹಾ ಕುಡಿಯುವ ಜಾಗದಲ್ಲಿ ನನ್ನ ಪಕ್ಕ ನಿಲ್ಲಲು ನಾನೂರು ವರ್ಷ ಹಳೆಯ ಒಬ್ಬ ಜೊತೆಗಾರ ಸಿಕ್ಕಿದ್ದ!

‘ಕನ್ನಡದಲ್ಲಿ ಹೀಗೆಲ್ಲ ಇಲ್ಲ, ಅಲ್ವಾ?’ ಎಂದು ಮಗಳು ಹೆಮ್ಮೆಯಿಂದ ಕೇಳಿದಳು. ಸುಳ್ಳು ಹೇಳಲು ಮನಸ್ಸು ಬರಲಿಲ್ಲ. ನಾವೂ ‘ಚಿಹ್ನೆ’ ಎಂದು ಬರೆದು ‘ಚಿನ್ಹೆ’ ಎನ್ನುತ್ತೇವೆ. ‘ಜ್ಞಾನ’ ಎಂದು ಬರೆದು ‘ಗ್ನಾನ’ ಎನ್ನುತ್ತೇವೆ. ಹಳಗನ್ನಡದಲ್ಲಿ ಱ, ೞ ಎಂಬ ಎರಡು ಅಕ್ಷರಗಳಿದ್ದವು. ಇಂದಿನ ‘ಬಾಳೆ’ ಅಂದು ‘ಬಾೞೆ’. ದನಿ ಹೋದ ಮೇಲೆ ನಾವು ಅಕ್ಷರವನ್ನೂ ಕಳಿಸಿಕೊಟ್ಟೆವು, ಇಂಗ್ಲಿಷರು ಮನೆಯಲ್ಲೇ ಇಟ್ಟುಕೊಂಡರು. ನಮ್ಮದು ಓದುವವರಿಗೆ ಸಲೀಸು, ಅವರದು ಹಳೆಯದನ್ನು ಹುಡುಕುವವರಿಗೆ ಸಲೀಸು. ಯಾವುದೂ ಪುಕ್ಕಟೆ ಅಲ್ಲ.

ಮಗಳು ಚಾರ್ಟನ್ನು ಮತ್ತೊಮ್ಮೆ ನೋಡಿದಳು. ‘ಅಪ್ಪಾ, ಅಜ್ಜ ಹೇಳಿದ್ರಲ್ಲ, ಗಂಟು ಕಾಣಬಾರದು, ಬಿಚ್ಚಬಾರದು ಅಂತ. ಕೆ ಕೂಡ ಹಾಗೇ. ಕೇಳ್ಸಲ್ಲ, ಆದ್ರೆ ತೆಗೆದ್ರೆ ಗಂಟೇ ಹೋಗಿ ನಾಟ್ ಅಂದ್ರೆ ಇಲ್ಲ ಅಂತಾಗುತ್ತೆ.’

ನಾನು ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಅವಳೇ ಹೇಳಿದಳು: ‘ಸ್ಕೂಲಲ್ಲಿ ನೀನೇ ಮಾತಾಡು.’

ಈಗ ಬೇಡ ಎನ್ನುವ ಸರದಿ ನನ್ನದಾಯಿತು. ಹೆಂಡತಿ ಬಿಡಲಿಲ್ಲ. ‘ಕಟ್ಟಿದವರು ನೀವು, ತಿದ್ದಿದವರು ನೀವು. ನಾನು ಹೋಗಿ ಏನು ಹೇಳ್ಲಿ?’ ಎಂದಳು.

ಹಿಂದಿನ ದಿನ ಆಂಟಿಯ ನಕ್ಷತ್ರ ತೂಗುಹಾಕಲು ಹೋಗಿದ್ದೆವು. ಅಡುಗೆಮನೆಯಲ್ಲಿ ಕುಸ್ವಾರಿನ ತಯಾರಿ ನಡೆದಿತ್ತು. ಆಂಟಿಯ ಸೊಸೆ ಕಿಡಿಯೊ ಮಾಡುತ್ತಿದ್ದರು. ಹಿಟ್ಟಿನ ಪುಟ್ಟ ಉಂಡೆಯನ್ನು ಫೋರ್ಕಿನ ಬೆನ್ನ ಮೇಲೆ ಒತ್ತಿ ಸುರುಳಿ ಸುತ್ತಿದರೆ, ಗೆರೆ ಗೆರೆಯಾಗಿ ಹುಳುವಿನ ಆಕಾರ. ‘ಕಿಡಿಯೊ’ ಎಂದರೆ ಕೊಂಕಣಿಯಲ್ಲಿ ಹುಳುಗಳೇ. ಸೊಸೆ ಇಂಗ್ಲಿಷಿನಲ್ಲಿ ಬರೆದಿಟ್ಟುಕೊಂಡ ಅಳತೆಯ ಚೀಟಿಯನ್ನು ಮಗಳು ಓದುತ್ತಿದ್ದಳು. ಹಿಟ್ಟಿನ ಮುದ್ದೆಗೆ ಇಂಗ್ಲಿಷಿನಲ್ಲಿರುವ ಪದದ ಹತ್ತಿರ ಬಂದು ತಡವರಿಸಿ, ‘ಡಫ್?’ ಎಂದಳು.

ಎಲ್ಲರಿಗಿಂತ ಮೊದಲು ನಾನು ನಕ್ಕೆ. ಆ ಪದದ ಕೊನೆಯ ನಾಲ್ಕು ಅಕ್ಷರಗಳಿವೆಯಲ್ಲ, ‘ಓ, ಯು, ಜಿ, ಎಚ್’, ಅವು ಯಾರ ಮಾತನ್ನೂ ಕೇಳುವುದಿಲ್ಲ. ಒಂದು ಕಡೆ ‘ಟಫ್’, ಇನ್ನೊಂದು ಕಡೆ ‘ಥ್ರೂ’, ಮರದ ಕೊಂಬೆಗೆ ‘ಬೌ’, ಕೆಮ್ಮಿಗೆ ‘ಕಾಫ್’, ಹಿಟ್ಟಿಗೆ ‘ಡೋ’. ಈ ಸಲ ಕಿವಿಯಿಂದ ಕಲಿತವಳೂ ಸೋತಿದ್ದಳು. ಆಂಟಿ ಕುರ್ಚಿಯಿಂದಲೇ ಹೇಳಿದರು: ‘ನಾನು ಐವತ್ತು ವರ್ಷದಿಂದ ಹಿಟ್ಟು ಅಂತಲೇ ಹೇಳುದು. ಕಿಡಿಯೊ ಒಮ್ಮೆಯೂ ಹಾಳಾಗ್ಲಿಲ್ಲ.’

ಬಾಲ್ಕನಿಯಲ್ಲಿ ದೀಪ ಹೊತ್ತಿದಾಗ ಅವರು ನಕ್ಷತ್ರ ನೋಡಲಿಲ್ಲ, ಮೊದಲು ಗಂಟುಗಳನ್ನು ಮುಟ್ಟಿ ನೋಡಿದರು. ‘ಗಟ್ಟಿ ಉಂಟು’ ಎಂದರು. ಅಷ್ಟೇ.

ಮರುದಿನ ಶಾಲೆಯಲ್ಲಿ ನನ್ನ ಕೈ ಬೆವರುತ್ತಿತ್ತು. ಎದುರಿಗೆ ಮೂವತ್ತೈದು ಮಕ್ಕಳು, ಅವರ ಅಪ್ಪ ಅಮ್ಮಂದಿರು. ಪುಣ್ಯಕ್ಕೆ ಶುರು ಮಾಡಲು ಒಂದು ಒಳ್ಳೆಯ ವಿಷಯವಿತ್ತು. ಇಂದು ಲೋಕದ ಹಲವೆಡೆ ತೂಗುವ, ಹಲವು ಮೊನೆಗಳ ಮೊರೇವಿಯನ್ ನಕ್ಷತ್ರ ಹುಟ್ಟಿದ್ದು ಒಂದು ಶಾಲೆಯಲ್ಲಿ. 1830ರ ದಶಕದಲ್ಲಿ ಜರ್ಮನಿಯ ನೀಸ್ಕಿ ಊರಿನ ಶಾಲೆಯಲ್ಲಿ ಹುಡುಗರಿಗೆ ರೇಖಾಗಣಿತ ಕಲಿಸಲು ಕಾಗದದಲ್ಲಿ ಮಾಡಿಸಿದ್ದು. ಗಣಿತದ ಪಾಠ ಹಬ್ಬದ ದೀಪವಾಯಿತು.

ಆಮೇಲೆ ಒಂದು ದಾರ ತೆಗೆದು, ಎರಡು ಕಡ್ಡಿ ಹಿಡಿದು ಗಂಟು ಹಾಕಿ ತೋರಿಸಿದೆ. ಬೇಕೆಂದೇ ‘ಕ್ನಾಟ್’ ಎಂದೆ. ಮಕ್ಕಳು ಗೊಳ್ಳೆಂದು ನಕ್ಕರು. ಹತ್ತೊಂಬತ್ತು ವರ್ಷ ಹೆದರಿದ್ದ ನಗು ಅದೇ. ಆದರೆ ಈ ಸಲ ನಾನೇ ಅದನ್ನು ಕರೆದಿದ್ದೆ. ‘ನಗಬೇಡಿ, ಹಿಂದೆ ಇಂಗ್ಲೆಂಡಿನಲ್ಲಿ ಎಲ್ಲರೂ ಹೀಗೇ ಹೇಳುತ್ತಿದ್ದರು’ ಎಂದು ಕತೆ ಹೇಳಿದೆ. ಮುಗಿಯುವಷ್ಟರಲ್ಲಿ ಇಡೀ ಕ್ಲಾಸು ‘ಕ್ನಾಟ್, ಕ್ನೀ, ಕ್ನೈಫ್’ ಎಂದು ಕೂಗುತ್ತಿತ್ತು. ಟೀಚರ್ ಎರಡು ನಿಮಿಷದ ಗಂಟೆ ಬಾರಿಸುವುದನ್ನು ಮರೆತಿದ್ದರು.

ಇಷ್ಟಕ್ಕೇ ನನ್ನ ಇಂಗ್ಲಿಷ್ ಸರಿಹೋಯಿತು ಎಂದುಕೊಳ್ಳಬೇಡಿ. ಸರಿಯಾದ ಉಚ್ಚಾರ ಕಲಿಯಬಾರದು ಎಂದೂ ನಾನು ಹೇಳುತ್ತಿಲ್ಲ. ನಾಲ್ಕು ಜನರ ನಡುವೆ ಬದುಕುವವನು ನಾಲ್ಕು ಜನರ ಮಾತನ್ನು ಕಲಿಯಬೇಕು. ಈಗಲೂ ಕಲಿಯುತ್ತಿದ್ದೇನೆ. ಆದರೆ ಆ ವಾರದಿಂದ ಆಫೀಸಿನಲ್ಲಿ ‘ಲೋನ್’ ಎನ್ನುವ ಕಡೆ ‘ಲೋನ್’, ‘ಡೆಟ್’ ಎನ್ನುವ ಕಡೆ ‘ಡೆಟ್’ ಎನ್ನುತ್ತಿದ್ದೇನೆ. ಅನುಮಾನ ಬಂದರೆ ಪಕ್ಕದವರನ್ನು ಕೇಳುತ್ತೇನೆ. ಪದ ನುಂಗುವುದನ್ನು ಬಿಟ್ಟಿದ್ದೇನೆ.

ಶಾಲೆಯಿಂದ ಬರುವಾಗ ರಿಕ್ಷಾದಲ್ಲಿ ನಕ್ಷತ್ರವನ್ನು ತೊಡೆಯ ಮೇಲಿಟ್ಟುಕೊಂಡು ಮಗಳು ಹೇಳಿದಳು: ‘ಚೆನ್ನಾಗಿತ್ತು ಅಪ್ಪಾ. ಆದ್ರೂ ನೀನು ಎರಡು ಸಲ ಕ್ರಿಸ್ಟ್‌ಮಸ್ ಅಂದೆ.’

‘ಎಣಿಸ್ತಾ ಇದ್ಯಾ?’

‘ಹೂಂ. ಆದ್ರೆ ಯಾರೂ ನಗ್ಲಿಲ್ಲ.’